ಅವ್ವನ ಕೈಯನ್ನು ಕ್ರಾಪ್ ಮಾಡಲಿಲ್ಲ

ನನ್ನ ಹತ್ತಿರ ಅಂಗೈಯಲ್ಲಿ ಅಡಗುವಂಥ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಇದೆ. ಈ ಮೊಬೈಲ್ ಕಾಲದಲ್ಲಿ ಇದೆಂಥ ಡಬ್ಬಾ ಎಂದು ನಗುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಮೊಬೈಲು ಕೇಳದೆಯೇ ಮುಖಕ್ಕೆ ಪೌಡರ್ ಬಳಿಯುತ್ತದೆ. ನನ್ನ ಡಬ್ಬಾ ಕಂಡದ್ದನ್ನು ಕೊಡುತ್ತದೆ, ಒಂದಿಷ್ಟು ತಪ್ಪಿನ ಜೊತೆ. ಆ ತಪ್ಪನ್ನಷ್ಟೇ ತಿದ್ದುವುದು ನನ್ನ ಕೆಲಸ.

ಕಂಪಲಾಪುರದ ಪಕ್ಕದ ನಮ್ಮೂರಿನಲ್ಲಿ ಹೊಸ ಮನೆಯ ಗೃಹಪ್ರವೇಶಕ್ಕೆ ಫ್ಲೆಕ್ಸ್ ಮಾಡಿಸಬೇಕಿತ್ತು. ಮನೆ ಎದ್ದದ್ದೇ ಅವ್ವನ ದುಡಿಮೆಯಿಂದ. ಬಾಗಿಲಲ್ಲಿ ಅವಳ ಫೋಟೋ ಇರಲೇಬೇಕೆಂದು ಅಣ್ಣನೂ ಒಪ್ಪಿದ್ದ. ಆದರೆ ಒಂದೂ ನೆಟ್ಟಗಿನ ಫೋಟೋ ಇರಲಿಲ್ಲ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ನಮ್ಮ ಕಡೆಯ ಹೆಂಗಸರ ಕೈಗೆ ಕಪ್ಪು ಅಂಟು ಹಿಡಿಯುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಕ್ಯಾಮೆರಾ ಕಂಡರೆ ಎಲ್ಲರೂ ಕೈಯನ್ನು ಸೆರಗಿನೊಳಗೆ ಬಚ್ಚಿಡುತ್ತಾರೆ. ಅವ್ವನೂ ಅಷ್ಟೇ.

ಒಂದು ಮಧ್ಯಾಹ್ನ ಅವಳು ನೀಲಿ ಟಾರ್ಪಾಲಿನ ನೆರಳಲ್ಲಿ ಕೂತು ಸೊಪ್ಪು ಕಟ್ಟುತ್ತಾ ಯಾರದೋ ಮಾತಿಗೆ ಬಾಯ್ತುಂಬ ನಕ್ಕಳು. ಕೈ ಬಚ್ಚಿಡಲು ಪುರುಸೊತ್ತು ಸಿಗುವ ಮೊದಲೇ ಕ್ಲಿಕ್ ಮಾಡಿಬಿಟ್ಟೆ.

ಕಂಪ್ಯೂಟರಿಗೆ ಹಾಕಿ ನೋಡಿದರೆ ಟಾರ್ಪಾಲಿನ ದೆಸೆಯಿಂದ ಅವ್ವ ಪೂರ್ತಿ ನೀಲಿ! ಮೂಲ ಚಿತ್ರವನ್ನು ಮುಟ್ಟದೆ ನಕಲೊಂದನ್ನು ಮಾಡಿಕೊಂಡೆ. ವಾಲಿದ್ದ ಕಂಬವನ್ನು ನೇರ ಮಾಡಿ, ಅಂಚಿನಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಕ್ರಾಪ್ ಮಾಡಿದೆ. ಸೊಪ್ಪು ಕಟ್ಟುವ ಬಿಳಿ ದಾರದ ಮೇಲೆ ಮೌಸ್ ಒತ್ತಿ, ಇದು ಬಿಳಿ ಎಂದು ಕಂಪ್ಯೂಟರಿಗೆ ತೋರಿಸಿಕೊಟ್ಟ ಕೂಡಲೇ ನೀಲಿ ಇಳಿದು ಅವ್ವ ತನ್ನ ಬಣ್ಣಕ್ಕೆ ಬಂದಳು. ಮುಖದ ನೆರಳನ್ನು ಕೊಂಚ ತಿಳಿಯಾಗಿಸಿ, ಚೂರೇ ಚೂರು ಶಾರ್ಪ್ ಮಾಡಿ ಸೇವ್ ಮಾಡಿದೆ. ನನ್ನ ವಿದ್ಯೆ ಇಷ್ಟೇ. ಇದರಾಚೆ ಹೋದರೆ ಅದು ತಿದ್ದುವುದಲ್ಲ, ಸುಳ್ಳು ಹೇಳುವುದು.

ಅಣ್ಣ ನೋಡಿದವನೇ ಮುಖ ಸಿಂಡರಿಸಿದ. "ಕೈ ಕಾಣ್ದಂಗೆ ಕಟ್ ಮಾಡ್ಬುಡಮ್ಮಿ. ನೆಂಟ್ರು ನಗಾಡ್ತಾರೆ."

"ಉಣ್ಣಾಕ್ ಬತ್ತಾರಲ್ಲ, ಉಂಡ್ಕೊಂಡು ನಗಾಡ್ಲಿ ಬುಡು," ಎಂದೆ.

ಅವನು ಸುಮ್ಮನಿರಲಿಲ್ಲ. ಪಿರಿಯಾಪಟ್ಟಣದ ಫ್ಲೆಕ್ಸ್ ಅಂಗಡಿಯಿಂದ ತನಗೆ ಬೇಕಾದಂಥ ಒಂದು ಪ್ರಿಂಟ್ ಮಾಡಿಸಿ ತಂದ. ಅವ್ವನ ಮುಖಕ್ಕೆ ಹಾಲಿನ ಬಣ್ಣ, ಕೆಳಗೆ ಯಾರದೋ ರೇಷ್ಮೆ ಸೀರೆಯ ಮೈ, ಯಾರವೋ ಬೆಳ್ಳನೆಯ ಮುಗಿದ ಕೈಗಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಇದ್ನ ಕಟ್ಟುದ್ರೆ ನಾನು ಆ ಮನೆ ಒಸ್ಲು ತುಳಿಯಲ್ಲ."

"ಅವ್ವುನ್ನೇ ಕೇಳಾನ ಬಾ," ಎಂದ ಅಣ್ಣ.

ನಾನೂ ನನ್ನ ಚಿತ್ರವನ್ನು ಪ್ರಿಂಟ್ ಹಾಕಿಸಿ ತಂದೆ. ಎರಡನ್ನೂ ಅವ್ವನ ಮುಂದಿಟ್ಟೆವು. ಬಾಯಿ ಜೋರು ಮಾಡಿದ್ದೆನೇ ಹೊರತು ನನಗೆ ಒಳಗೊಳಗೇ ಭಯ. ಇಷ್ಟು ವರ್ಷ ಕೈ ಬಚ್ಚಿಟ್ಟುಕೊಂಡು ಬಂದವಳು ಆ ಬಿಳಿ ಕೈಗಳನ್ನೇ ಆರಿಸಿದರೆ ನಾನು ಏನು ಹೇಳಲಿ? ಅವ್ವ ಅಣ್ಣನ ಪ್ರಿಂಟನ್ನೇ ಎತ್ತಿಕೊಂಡಳು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಯಾರ್ಲಾ ಇವ್ಳು? ಜಲ್ಮದಲ್ಲಿ ಒಂದ್ ಎಲೆ ಮುರ್ದೋಳಲ್ಲ. ನಾನ್ ಕಟ್ಟಿದ್ ಮನೆ ಬಾಗ್ಲಲ್ಲಿ ಇವ್ಳಿಗೇನ್ಲಾ ಕೆಲ್ಸ?"