ಮಾಸ್ತರ ‘ಬಿಡು’

ಸಿಂದಗಿಯಿಂದ ಬಸ್ಸಿನಾಗ ನಿಂತ ಬಂದು ಮೊಣಕಾಲು ಸೆಟೆದಿದ್ದುವು. ಬಾಗೇವಾಡಿಯೊಳಗ ಇಳಿದು ಮನಿಗಿ ಹೋಗಲಿಲ್ಲ, ಹೂವಿನ ಹಿಪ್ಪರಗಿಗೆ ಮಾಸ್ತರ ಕಡೆ ಹೋದೆ. ಇನ್ನ ಭಜನಿ ಮ್ಯಾಳ ನಡಸೂದು ನನ್ನ ಕೈಲೆ ಆಗೂದಿಲ್ಲ ಅಂತ ಹೇಳಿಬಿಡಬೇಕಿತ್ತು.

ಆ ಮ್ಯಾಳ ಕಟ್ಟಿದವ್ರೇ ಮಾಸ್ತರು. ತಾಳ ಹಿಡಿದು ನಿಂತು ಹದಿನೈದು ಮಂದಿನ್ನ ಹಾಡಸಾವ್ರು. ದೊಡ್ಡವ್ರನ್ನ ಹಿಂದ ಕುಂದ್ರಿಸಿ ಸಾಲಿ ಹುಡುಗೂರನ್ನ ಮುಂದ ಕುಂದ್ರಸಾವ್ರು. “ಇದೇನ್ ಮ್ಯಾಳೋ, ಅಂಗನವಾಡಿನೋ?” ಅಂತ ಹಿರ್ಯಾರು ಗೊಣಗಿದ್ರ, “ನಾವು ಹಾಡಿದ್ದು ಸಾಕಾತು, ಇನ್ನ ಕೇಳೂದು ಕಲೀರಿ” ಅಂತಿದ್ರು.

ನಾ ಹನ್ನೆರಡು ವರ್ಷದಾಕಿದ್ದಾಗ ತಂಗಡಗಿಯೊಳಗ ಮೊದಲ ಸಲ ಹಾಡಾಕ ಕುಂತೆ. ನಡುವ ಮಾಸ್ತರು ಕೈ ಎತ್ತಿ, ನನ್ನ ಕಡೆ ನೋಡಿ, “ಬಿಡು” ಅಂದ್ರು. ಬಿಡು ಅಂದ್ರ ನಮ್ಮನ್ಯಾಗ ಸುಮ್ಮನಾಗು ಅಂತ. ಅಯ್ಯ ನನ್ನ ಹಣೆಬರವೇ, ತಪ್ಪು ಹಾಡಿದೆ ಅಂತ ಗಪ್ಪ್ ಆದೆ. ಉಳಿದವ್ರೂ ಗಪ್ಪ್! ಮಂದಿ ನಕ್ಕಿದ್ದ ನಕ್ಕಿದ್ದು. ಮ್ಯಾಳದಾಗ ‘ಬಿಡು’ ಅಂದ್ರ ಉಳಿದವ್ರು ನಿಲ್ಲಬೇಕು, ಮಾಸ್ತರು ನೋಡಿದಾಕಿ ಒಬ್ಬಾಕಿನ ದನಿ ಬಿಟ್ಟು ಹಾಡಬೇಕು. ನನಗ್ಯಾರೂ ಹೇಳಿರಲಿಲ್ಲ. ನಾ ಅಳಕೋತ ಕುಂತ್ರ ಮಾಸ್ತರು ಮಂದಿಗಿ ಕೈ ಮುಗಿದು, “ತಪ್ಪು ನಂದ್ರಿ, ಹೇಳಿಕೊಡೂದು ಮರ್ತೆ” ಅಂದ್ರು. ಮತ್ತ ಕೈ ಎತ್ತಿದ್ರು. “ಬಿಡವ್ವಾ, ದನಿ ಬಿಡು.”

ಅವ್ರ ತಾಳ ನನ್ನ ಕೈಗೆ ಬಂದು ಇಪ್ಪತ್ತು ವರ್ಷಾತು. ಈಗೀಗ ಇಂಡಿ ಊರಾಗ ತಾಲೀಮಿಟ್ರ ಬರ್ತೇವಂದವ್ರು ಬರೂದಿಲ್ಲ, ಬಂದವ್ರ ಕಣ್ಣು ಮೊಬೈಲಿನಾಗ. ಮುದ್ದೇಬಿಹಾಳದಾಗ ನಾವು ಹಾಡೂ ಮುಂದ ಬಾಜೂಕ ಡಿಜೆ ಹಚ್ಚಿದ್ರು. ಸಿಟ್ಟು ಬರ್ತೇತಿ, ಆದ್ರ ಸಿಟ್ಟು ಮಾಡಾಕೂ ತ್ರಾಣ ಉಳದಿಲ್ಲ.

ಮಾಸ್ತರಿಗೆ ಲಕ್ವಾ ಹೊಡದು ಒಂದೆರಡು ಮಾತಷ್ಟ ಉಳದಾವ. ಹಾಸಿಗಿ ಬಾಜೂಕ ಕುಂತು ಎಲ್ಲಾ ಹೇಳಿದೆ. “ನಂಗ ಸಾಕಾಗೇತ್ರಿ ಮಾಸ್ತರ. ತಾಳ ಇಲ್ಲೇ ಇಟ್ಟು ಹೋಗ್ತೇನ್ರಿ.”

ಮಾಸ್ತರು ಎಡಗೈ ಎತ್ತಿ, “ಬಿಡು” ಅಂದ್ರು.

ಮುಗೀತಲ್ಲ. ಜೀವ ಹಗುರಾಗಬೇಕಿತ್ತು, ಬದಲಿಗೆ ಅಳು ಬಂತು. ಇಷ್ಟು ಸಸಾರ ಬಿಡು ಅಂದ್ರಲ್ಲ ಅಂತ ಕೆಟ್ಟ ಅನಿಸ್ತು. ತಾಳ ಕಿಟಕ್ಯಾಗ ಇಟ್ಟೆ. ಬಾಗಲ ತನಕ ಹೋಗಿ ಹೊಳ್ಳಿ ನೋಡಿದ್ರ ಅವ್ರ ಎಡಗೈ ಇನ್ನೂ ಎತ್ತಿದಂಗ ಇತ್ತು. ಕಣ್ಣು ನನ್ನ ಕಡೆ.

ಇಷ್ಟು ವಯಸ್ಸಾದ ಮ್ಯಾಲೂ ತಂಗಡಗಿಯೊಳಗಿನ ತಪ್ಪನ್ನ ಮತ್ತ ಮಾಡಿದ್ದೆ. ಹೊಳ್ಳಿ ಬಂದು ತಾಳ ತಗೊಂಡು, ದನಿ ಬಿಟ್ಟೆ. ಹಾಡು ಮುಗಿಯೂತನಕ ಮಾಸ್ತರು ಕೈ ಇಳಸಲಿಲ್ಲ.