ಯಂಕೋಬನ ಗಾಲಿ

ಸಾಲಗುಂದದ ಯಂಕೋಬ ದಿನಾ ನಸುಕಿನಲ್ಲಿ ಸಿಂಧನೂರಿನ ಬಸ್‌ಸ್ಟ್ಯಾಂಡಿಗೆ ಬಂದು, ಪೇಪರಿನ ಕಟ್ಟು ಸೈಕಲ್ಲಿಗೆ ಬಿಗಿದುಕೊಂಡು, ಕಾಲುವೆಯ ಏರಿ ಹಿಡಿದು ಒಂಬತ್ತು ಹಳ್ಳಿ ಸುತ್ತುತ್ತಿದ್ದ. ಕೆಸರು, ಕಲ್ಲು, ಜಾಲಿಮುಳ್ಳು ಯಾವುದಕ್ಕೂ ಅವನು ಇಳಿದು ತಳ್ಳಿದ್ದನ್ನು ಕಂಡವರಿಲ್ಲ. ಮಾತು ಕಡಿಮೆ. ಹೆಂಡತಿ ಕನಕಮ್ಮನ ಜೊತೆಗೂ ಅಷ್ಟಕ್ಕಷ್ಟೇ.

ಎಂಬತ್ತಾರರಲ್ಲಿ ಲಿಂಗಸುಗೂರಿನ ಯುವಕ ಸಂಘವೊಂದು ಸೈಕಲ್ ಪಂದ್ಯ ಇಟ್ಟಿತು. ಸಿಂಧನೂರಿನಿಂದ ಕಾಲುವೆ ಏರಿಯ ಮೇಲೆ ಮಸ್ಕಿ, ಅಲ್ಲಿಂದ ಗುಡ್ಡದ ಹಿಂದಿನ ಬಂಡಿದಾರಿ ಹಿಡಿದು ಲಿಂಗಸುಗೂರು. ಡಾಂಬರು ತುಳಿಯುವಂತಿಲ್ಲ. ಮೂವರ ತಂಡ, ಇಬ್ಬರು ಗುರಿ ಮುಟ್ಟಿದರೆ ಸಾಕು. ಸಿಂಧನೂರಿನ ಅಕ್ಕಿ ಮಿಲ್ಲಿನ ಮಾಲೀಕರ ಮಗ ಬಸವಂತರಾಯ ತನ್ನ ಮಿಲ್ಲಿನ ಗುಮಾಸ್ತ ಶಿವಶರಣಪ್ಪನನ್ನೂ ಯಂಕೋಬನನ್ನೂ ಸೇರಿಸಿಕೊಂಡ. ಸಾವ್ಕಾರರ ಮಗ ಹೆಸರಿಟ್ಟು ಕರೆದದ್ದಕ್ಕೇ ಯಂಕೋಬ ಹಿಗ್ಗಿದ್ದ.

ಮಸ್ಕಿ ದಾಟುವವರೆಗೆ ಯಂಕೋಬನೇ ಮುಂದೆ ನಿಂತು ಗಾಳಿ ಒಡೆದ. ಉಳಿದಿಬ್ಬರು ಅವನ ಮರೆಯಲ್ಲಿ ಬಂದರು. ಗುಡ್ಡದ ಹಿಂದಿನ ಇಳಿಜಾರಿನಲ್ಲಿ ಬಸವಂತರಾಯನ ಮುಂದಿನ ಗಾಲಿ ಕಲ್ಲಿಗೆ ಬಡಿದು ಡೊಂಕಾಯಿತು. ಅವನು ಯಂಕೋಬನ ಸೈಕಲ್ಲಿನತ್ತ ಕೈ ತೋರಿಸಿದ. ಶಿವಶರಣಪ್ಪ ಪಾನಾ ಹಿಡಿದು ನಟ್ಟು ಸಡಿಲಿಸಿ, ಅದರ ಮುಂದಿನ ಗಾಲಿ ಬಿಚ್ಚಿಕೊಟ್ಟ.

"ಇಲ್ಲೇ ಕುಂದ್ರು. ಲಿಂಗಸುಗೂರಾಗಿಂದ ಜೀಪ್ ಕಳಸ್ತೀನಿ" ಎಂದು ಹೇಳಿ ಬಸವಂತರಾಯ ಹೊರಟುಹೋದ.

ಜೀಪು ಬರಲಿಲ್ಲ. ಹೊತ್ತು ಇಳಿಯುವವರೆಗೆ ಕಾದು, ಒಂದೇ ಗಾಲಿಯ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಯಂಕೋಬ ಲಿಂಗಸುಗೂರಿಗೆ ನಡೆದ. ಮೈದಾನದಲ್ಲಿ ಪೆಂಡಾಲು ಬಿಚ್ಚುತ್ತಿದ್ದರು. ಚಹಾದಂಗಡಿಯಲ್ಲಿ ವಿಷಯ ತಿಳಿಯಿತು. ಮೊದಲ ಬಹುಮಾನ ಬಸವಂತರಾಯನ ತಂಡಕ್ಕೆ. ಮೂರನೆಯವನೆಲ್ಲಿ ಎಂದು ಕೇಳಿದಾಗ ಅವನು ಮೈಕಿನಲ್ಲಿ, ಕಾಲು ಸೋತು ದಾರಿಯಲ್ಲೇ ಕೂತುಬಿಟ್ಟ ಎಂದಿದ್ದನಂತೆ. ಜನ ನಕ್ಕಿದ್ದರಂತೆ.

ಮೂರು ದಿನಕ್ಕೆ ಮಿಲ್ಲಿನ ಆಳು ಗಾಲಿ ತಂದುಕೊಟ್ಟ. ಹೊಸ ಟೈರು ಹಾಕಿಸಿದ್ದರು. ಯಂಕೋಬ ಆ ಟೈರನ್ನು ಕುಡುಗೋಲಿನಿಂದ ಸೀಳಿ ತಿಪ್ಪೆಗೆಸೆದ.

ಅಂದಿನಿಂದ ಹಳ್ಳಿಹಳ್ಳಿಗಳಲ್ಲಿ ಅವನು ಸೋತಗಾಲ ಯಂಕೋಬನಾದ. ಪೇಪರು ಎಸೆದು ಹೊರಟರೆ ಬೆನ್ನ ಹಿಂದೆ ಆ ಹೆಸರು ಬರುತ್ತಿತ್ತು. ನಿಜ ಹೇಳಿಬಿಡು ಎಂದು ಕನಕಮ್ಮ ಎಷ್ಟೋ ಸಲ ಅಂದಳು. ಹೇಳಿದರೆ ನಂಬುವವರು ಯಾರು ಎಂಬುದು ಅವನ ಪ್ರಶ್ನೆ. ಪ್ರತಿ ಭಾನುವಾರ ಪೇಪರು ಮುಗಿಸಿ ಮಸ್ಕಿಗೆ ಹೋಗತೊಡಗಿದ. ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಅಲ್ಲಾಭಕ್ಷ್ ಜೊತೆಯಾದ. ಗುಡ್ಡದ ಹಿಂದಿನ ದಾರಿಯ ಕಲ್ಲುಕಲ್ಲನ್ನೂ ಯಂಕೋಬ ಕಾಲಿನಲ್ಲೇ ಓದಿಕೊಂಡ. ಇಳಿಜಾರಿನ ಕೊನೆಗೆ, ದಾರಿಯ ಎಡಬದಿಗೆ, ಹುಲ್ಲು ಮುಚ್ಚಿದ ಒಂದು ಕೊರಕಲು ಇತ್ತು. ವೇಗದಲ್ಲಿ ಬಂದು ಮುಂದಿನ ಗಾಲಿ ಎತ್ತಿ ಹಾರಿಸಿದರೆ ದಾಟಬಹುದು, ಇಲ್ಲದಿದ್ದರೆ ಇಲ್ಲ. ಅದನ್ನು ಹಾರುವುದನ್ನು ಅವನು ವರ್ಷಗಟ್ಟಲೆ ರೂಢಿ ಮಾಡಿದ.

ಪಂದ್ಯ ಮತ್ತೆ ನಡೆದದ್ದು ತೊಂಬತ್ತೊಂದರಲ್ಲಿ. ಈ ಸಲ ಮೂವರೂ ಮುಟ್ಟಬೇಕು, ಕೊನೆಯವನು ಮುಟ್ಟಿದ ಹೊತ್ತೇ ಲೆಕ್ಕ ಎಂದು ನಿಯಮ ಬದಲಾಗಿತ್ತು. ಯಂಕೋಬ, ಅಲ್ಲಾಭಕ್ಷ್, ಬಳಗಾನೂರಿನ ಹಮಾಲಿ ಪಂಪಣ್ಣ ಒಂದು ತಂಡವಾದರು. ಯಂಕೋಬ ಬೆನ್ನಿಗೊಂದು ಹೆಚ್ಚಿನ ಗಾಲಿ ಕಟ್ಟಿಕೊಂಡಿದ್ದ. ಬಸವಂತರಾಯ ಗೇರ್ ಇರುವ ಹೊಸ ಸೈಕಲ್ಲಿನಲ್ಲಿ ಬಂದಿದ್ದ, ಜೊತೆಗೆ ಅದೇ ಶಿವಶರಣಪ್ಪ ಮತ್ತು ಇನ್ನೊಬ್ಬ.

ಮಸ್ಕಿಯಲ್ಲಿ ಯಂಕೋಬ ತನ್ನವರನ್ನು ಮುಂದೆ ಕಳಿಸಿ ತಾನು ನಿಧಾನ ಮಾಡಿದ. ಬಸವಂತರಾಯ ಹಿಂದಿನಿಂದ ಬಂದು ಅವನ ಗಾಲಿಗೆ ಗಾಲಿ ಹಚ್ಚಿದ. ಗಾಳಿಯ ಮರೆ ಸಿಕ್ಕರೆ ಬಿಡುವವನಲ್ಲ, ಅದು ಯಂಕೋಬನಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ಯಂಕೋಬ ಬ್ರೇಕ್ ಮುಟ್ಟದೆ ಎಡಕ್ಕೆ ಸರಿದ. ಕೊರಕಲಿನ ಅಂಚಿಗೆ ಬಂದು ಹ್ಯಾಂಡಲ್ ಎತ್ತಿ ಹಾರಿದ. ಹಿಂದೆ ತಗಡು ಮಡಚಿದಂಥ ಸದ್ದಾಯಿತು.

ಹಿಂತಿರುಗಿ ಬಂದು ನೋಡಿದ. ಬಸವಂತರಾಯನ ಮೊಣಕಾಲು ಹರಿದಿತ್ತು, ಮುಂದಿನ ಗಾಲಿ ಎರಡಾಗಿ ಮಡಚಿಕೊಂಡಿತ್ತು. ಅವನ ಕಣ್ಣು ಯಂಕೋಬನ ಬೆನ್ನಿನ ಮೇಲಿನ ಗಾಲಿಗೆ ಬಿತ್ತು. ಅದನ್ನು ಕೊಡು, ಏನು ಬೇಕಾದರೂ ಕೇಳು ಎಂದ. ಅಷ್ಟರಲ್ಲಿ ಶಿವಶರಣಪ್ಪನೂ ಇನ್ನೊಬ್ಬನೂ ಬಂದು ನಿಂತರು.

"ಕುಂದರ್ರಿ ಸಾವ್ಕಾರ್ರ," ಯಂಕೋಬ ಮೆಲ್ಲಗೆ ಹೇಳಿದ. "ಲಿಂಗಸುಗೂರಾಗಿಂದ ಜೀಪ್ ಕಳಸ್ತೀನಿ."

ಶಿವಶರಣಪ್ಪ ತಲೆ ತಗ್ಗಿಸಿದ. ಯಂಕೋಬ ಸೈಕಲ್ ಹತ್ತಿದ.

ಅವನ ತಂಡವೇ ಮೊದಲು ಬಂತು. ಆದರೆ ಅವನು ಬಹುಮಾನಕ್ಕೆ ಮೆಟ್ಟಿಲು ಹತ್ತಲಿಲ್ಲ, ಬಸವಂತರಾಯ ಬರುವುದನ್ನೇ ಕಾದ. ಸಂಜೆಗೆ ಬಸವಂತರಾಯ ಬಂದ, ಸೈಕಲ್ ಹೆಗಲ ಮೇಲೆ ಹೊತ್ತು, ಕುಂಟುತ್ತ. ಯಂಕೋಬ ಐದು ವರ್ಷ ಕಂಡ ಕನಸು ಅದೇ. ಆದರೆ ಮೈದಾನದ ಜನ ಎದ್ದು ಚಪ್ಪಾಳೆ ತಟ್ಟಿದರು. ಯಾರೋ ಹಾರ ಹಾಕಿದರು. ಸೋತರೂ ಬಿಡದೆ ನಡೆದು ಬಂದ ಛಲಗಾರ ಎಂದು ಮೈಕು ಕೂಗಿತು.

ಯಂಕೋಬ ಎದ್ದು ನಿಂತ. ಇದೇ ದಾರಿಯಲ್ಲಿ, ಇದೇ ರೀತಿ ತಾನು ಬಂದಾಗ ಪೆಂಡಾಲಿನ ಗಳ ಕೀಳುತ್ತಿದ್ದರು. ನೇರ ವೇದಿಕೆ ಹತ್ತಿ ಮೈಕು ಕಸಿದುಕೊಂಡ. ಎಂಬತ್ತಾರರಲ್ಲಿ ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ ಬಸವಂತರಾಯನತ್ತ ತಿರುಗಿದ.

"ನನ್ನ ಕಾಲು ಸೋತಿದ್ದವೇನ್ರಿ? ಮಂದಿ ಮುಂದ ಹೇಳ್ರಿ."

ಬಸವಂತರಾಯ ಹಾರ ತೆಗೆದು ಕೆಳಗಿಟ್ಟ. ಈ ಪೇಪರಿನವನು ಸುಳ್ಳು ಹೇಳುತ್ತಿದ್ದಾನೆ ಎಂದು ಜನರೊಳಗಿಂದ ಯಾರೋ ಗೊಣಗಿದರು. ಆಗ ಹಿಂದೆ ನಿಂತಿದ್ದ ಶಿವಶರಣಪ್ಪ ಮುಂದೆ ಬಂದ.

"ಖರೆ ಐತ್ರಿ. ಗಾಲಿ ಬಿಚ್ಚಿದಾವ ನಾನ."

ಬಸವಂತರಾಯ ಯಾರನ್ನೂ ನೋಡದೆ ಜೀಪು ಹತ್ತಿ ಹೋದ. ಆಮೇಲೆ ಅವನು ಯಾವ ಪಂದ್ಯಕ್ಕೂ ಬರಲಿಲ್ಲ. ಹಳ್ಳಿಗಳಲ್ಲಿ ಯಂಕೋಬನನ್ನು ಸೋತಗಾಲ ಎಂದು ಕರೆಯುವುದು ನಿಂತಿತು.

ವಾರದೊಳಗೆ ಶಿವಶರಣಪ್ಪನನ್ನು ಮಿಲ್ಲಿನಿಂದ ಬಿಡಿಸಿದರು. ಅವನೊಂದು ದಿನ ಸಾಲಗುಂದಕ್ಕೆ ಬಂದು ಯಂಕೋಬನ ಕಟ್ಟೆಯ ಮೇಲೆ ಕೂತ. ಕನಕಮ್ಮ ಚಹಾ ಕೊಟ್ಟಳು. ನನ್ನದು ತಪ್ಪಾಯಿತು, ಅಂದೇ ಹೇಳಬೇಕಿತ್ತು, ಮಕ್ಕಳ ಮುಖ ನೋಡಿ ಹೆದರಿದೆ ಎಂದ. ಯಂಕೋಬ ಕಪ್ಪು ಖಾಲಿ ಮಾಡಿ ಕೆಳಗಿಟ್ಟ.

"ಕೇಳಿದೆ. ಐದು ವರ್ಷ ತಡಾ ಆತು."

ಶಿವಶರಣಪ್ಪ ಎದ್ದು ಹೋದ. ಪಾಪ, ನಾಲ್ಕು ಮಾತು ಆಡಬಾರದಿತ್ತೇ ಎಂದು ಕನಕಮ್ಮ ಕೇಳಿದಳು. ಆಡಲು ತನ್ನಲ್ಲಿ ಮಾತಿಲ್ಲ ಎಂದು ಯಂಕೋಬ ಉತ್ತರಿಸಿದ. ಆ ದಿನ ಅವನು ಎಂದಿನಂತೆ ಉಂಡ, ಎಂದಿಗಿಂತ ಚೆನ್ನಾಗಿ ಮಲಗಿದ.