ಕೊಲೆಗಾತಿಗೆ ನಾನು ಹಚ್ಚಿದ ಕೈಗಳು

ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ಆ ಹೆಂಗಸು ಔಷಧ ಕೊಟ್ಟಳು, ಕೂಸು ಸತ್ತಿತು. ಮುಂದಿನ ಮನೆಗೆ ಹೋದಳು, ಅಲ್ಲಿಯೂ ಔಷಧ ಕೊಟ್ಟಳು. ಉಳಿದದ್ದೆಲ್ಲ ನಾನು ಸೇರಿಸಿದ್ದು. ಈ ಮಾತನ್ನು ಭಾಲ್ಕಿಯ ಪೇಟೆಯಲ್ಲಿ ನಿಂತು ಎಷ್ಟು ಜನರಿಗೆ ಹೇಳಿದೆನೋ. ಒಬ್ಬರೂ ನಂಬಲಿಲ್ಲ. ಜನ ನಂಬುವ ಹಾಗೆ ಹೇಳುವ ನನ್ನ ಕಸುಬೆಲ್ಲ ಅಷ್ಟರಲ್ಲಿ ಸುಳ್ಳಿಗೇ ಖರ್ಚಾಗಿಹೋಗಿತ್ತು.

ನಿಜಾಮರ ರಾಜ್ಯದಲ್ಲಿ ನಮ್ಮ ಸಾಲಿಯ ಓದು ಉರ್ದುವಿನಲ್ಲಿ. ಬೀದರದಲ್ಲಿ ನಾಲ್ಕು ವರ್ಷ ಅದನ್ನೇ ಓದಿ, ಮುಂದೆ ಓದಲಾಗದೆ ಊರಿಗೆ ಬಂದಾಗ ನನಗೆ ಹತ್ತೊಂಬತ್ತು. ಕಾಕಾ ತನ್ನ ಅರಿವೆ ಅಂಗಡಿಯಲ್ಲಿ ಗಜಕೋಲು ಕೈಗೆ ಕೊಟ್ಟು ಕೂಡಿಸಿದ. ಕನ್ನಡವನ್ನು ನನಗೆ ಯಾವ ಮಾಸ್ತರನೂ ಕಲಿಸಲಿಲ್ಲ. ಅಜ್ಜಿ ಮತ್ತು ಅಜ್ಜಿಯ ಗೆಳತಿಯರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಹೇಳುತ್ತಿದ್ದ ಕತೆಗಳಿಂದ ಬಂದದ್ದು ಅದು. ಅವರು ಯಾವುದನ್ನೂ ಬೋಳಾಗಿ ಬಿಡುತ್ತಿರಲಿಲ್ಲ. ರಾಜ ಉಂಡ ಎಂದರೆ ಸಾಲದು. ಎಂಥ ಪಲ್ಯ, ಯಾರು ಬಡಿಸಿದರು, ಬಡಿಸಿದವಳ ಬಳೆ ಯಾವ ಬಣ್ಣದ್ದು, ಎಲ್ಲ ಬರಬೇಕು. ಆ ಚಟ ನನಗೂ ಅಂಟಿತ್ತು.

ಮಧ್ಯಾಹ್ನ ಗಿರಾಕಿಗಳು ಇರುತ್ತಿರಲಿಲ್ಲ. ಹೈದರಾಬಾದಿನಿಂದ ಬೀದರಕ್ಕೆ, ಬೀದರದಿಂದ ಟಪ್ಪಾಲಿನ ಗಾಡಿಯಲ್ಲಿ ನಮ್ಮೂರಿಗೆ ತೆಳ್ಳನೆಯ ಉರ್ದು ಪುಸ್ತಕಗಳು ಬರುತ್ತಿದ್ದವು. ನಡೆದ ಕೊಲೆಗಳ ವೃತ್ತಾಂತ, ಕೋರ್ಟು ಕಚೇರಿಯಲ್ಲಿ ಸಾಬೀತಾದದ್ದು ಎಂದು ಮೇಲೆಯೇ ಅಚ್ಚು ಹಾಕಿರುತ್ತಿದ್ದರು. ಗಂಡಸರು ಮಾಡಿದ ಕೊಲೆಯ ಪುಸ್ತಕಗಳಿಗಿಂತ ಹೆಂಗಸರು ಮಾಡಿದ್ದಕ್ಕೆ ಬೇಡಿಕೆ ಹೆಚ್ಚು. ಅದರಲ್ಲೂ ಒಂದಾದ ಮೇಲೆ ಒಂದು ಕೊಲೆ ಮಾಡಿದವಳಾದರೆ ಆ ಪುಸ್ತಕ ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾಗುತ್ತಿತ್ತು.

ಆ ಸಲ ಬಂದದ್ದು ಉತ್ತರದ ಯಾವುದೋ ಪಟ್ಟಣದ ಹೆಂಗಸಿನ ಕತೆ. ಜಡ್ಡಿನವರ, ಕೂಸುಗಳ ಆರೈಕೆಗೆಂದು ಮನೆಯಿಂದ ಮನೆಗೆ ಹೋಗುತ್ತಿದ್ದವಳು. ಹೋದ ಮನೆಯಲ್ಲೆಲ್ಲ ಸಾವು. ನಾನು ಒಂದೊಂದೇ ಸಾಲು ಓದಿ, ಅದನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಕೇಳುವವರು ಕಾಕಾ, ಎದುರಿನ ಕಿರಾಣಿ ಅಂಗಡಿಯ ಯಜಮಾನ, ಸಾಯಗಾಂವದಿಂದ ಸಂತೆಗೆ ಬಂದ ಒಂದಿಬ್ಬರು ಒಕ್ಕಲಿಗರು. ಮೊದಲ ದಿನ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಿರಾಣಿ ಯಜಮಾನ ಬಾಯಿ ತುಂಬ ಆಕಳಿಸಿದ.

"ಎಂಥಾ ಔಷಧ ಅದು? ಹ್ಯಾಂಗ ಕೊಟ್ಟಳು? ಏನೂ ಹೇಳಂಗೇ ಇಲ್ಲಲ್ಲೋ. ನಿಮ್ಮ ಅಜ್ಜಿ ಇದ್ದಿದ್ರ ಇಷ್ಟೊತ್ತಿಗೆ ನಾವೆಲ್ಲ ಚಳಿ ಹತ್ತಿ ನಡಗ್ತಿದ್ದಿವಿ."

"ಬೀದರದಾಗ ನಾಕು ವರ್ಷ ಓದ್ಸಿದ್ದು ದಂಡ ಆತು ನೋಡ್ರಿ," ಎಂದ ಕಾಕಾ.

ಮರುದಿನ ನಾನು ಆ ಹೆಂಗಸಿಗೆ ಕೈಗಳನ್ನು ಹಚ್ಚಿದೆ. ಕೂಸುಗಳಿಗೆ ಔಷಧ ಕೊಡುವ ಕೈ ಎಂದರೆ ನಾನು ಕಂಡದ್ದು ಒಂದೇ ಜೊತೆ.

ಅಂಗಡಿಯ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ಔರಾದ ಕಡೆಯ ಎಕಂಬಾದಿಂದ ಹನ್ನೆರಡನೇ ವಯಸ್ಸಿಗೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಓಣಿಯ ಕೂಸುಗಳಿಗೆ ಘುಟ್ಟಿ ಹಾಕುವುದು ಅವಳ ಕಾಯಕ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಅದರೊಳಗಿನ ಏಳು ತುಂಡುಗಳನ್ನು ಒಂದೊಂದಾಗಿ ತಾಯಿಯ ಹಾಲಿನಲ್ಲಿ ಕಲ್ಲಿನ ಮೇಲೆ ತೇಯುವಳು. ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಐದು. ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಹಚ್ಚುವಳು. ನಮ್ಮ ಓಣಿಯಲ್ಲಿ ಅದನ್ನು ನೆಕ್ಕದೆ ಬೆಳೆದವರಿಲ್ಲ, ನಾನೂ ಸೇರಿ.

ಆ ಘುಟ್ಟಿಗೆ ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆಗಳಿದ್ದವು. ತೇಯುವಾಗ ಮಾತಾಡಬಾರದು. ಪ್ರತಿಯಾಗಿ ಹಿಡಿ ಜೋಳವನ್ನೂ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಗಂಟಿನಲ್ಲಿ ಏನೇನಿದೆ ಎಂದು ಹೆಸರು ಹಿಡಿದು ಯಾರಿಗೂ ಹೇಳಬಾರದು. ಹೇಳಿದರೆ ಅದರ ಗುಣ ಹೋಗಿಬಿಡುತ್ತದೆ. ಇದು ಅವಳೊಬ್ಬಳ ನಂಬಿಕೆಯಲ್ಲ. ನಮ್ಮ ಕಡೆ ಚೇಳಿನ ಔಷಧ ಕೊಡುವವನೂ, ಕಾಮಾಲೆಯ ಔಷಧ ಕೊಡುವವಳೂ ಹಾಗೆಯೇ ಬಾಯಿ ಕಟ್ಟಿಕೊಂಡೇ ಇರುತ್ತಿದ್ದರು.

ಆ ಗಂಟನ್ನು, ಆ ಕಲ್ಲನ್ನು, ಆ ಮೌನವನ್ನು ಎತ್ತಿ ನಾನು ಉತ್ತರದ ಕೊಲೆಗಾತಿಯ ಮುಂದಿಟ್ಟೆ. "ಕೆಂಪು ಗಂಟು ಬಿಚ್ಚಿದಳು. ಏಳು ತುಂಡು. ತಾಯಿ ಕೇಳಿದಳು, ಏನಿದು ಯವ್ವಾ ಅಂತ. ಉತ್ತರ ಇಲ್ಲ. ಬರೇ ತೇಯುವ ಸಪ್ಪಳ." ಕಿರಾಣಿ ಯಜಮಾನ ಬೀಡಿ ಹಚ್ಚುವುದನ್ನು ಮರೆತು ಕಡ್ಡಿಯಿಂದ ಬೆರಳು ಸುಟ್ಟುಕೊಂಡ. "ಅಬಬಬಾ! ಎಂಥಾ ಹೆಂಗಸಪಾ!" ಎಂದ. ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ನಾಲ್ಕು ದಿನ ಹೀಗೆಯೇ ನಡೆಯಿತು. ಆಯಿಯನ್ನು ನೆನೆದು ಹೇಳುತ್ತಿದ್ದೇನೆ ಎಂದು ಯಾರಿಗೂ ಅನಿಸಲಿಲ್ಲ. ನನಗೇ ಅನಿಸಿರಲಿಲ್ಲ.

ಮಳೆ ಶುರುವಾಯಿತು. ಬಾವಿಗೆ ಹೊಸ ನೀರು ಬಂತು. ಪ್ರತಿ ವರ್ಷದಂತೆ ಕೂಸುಗಳಿಗೆ ಭೇದಿ ಹತ್ತಿತು. ಹಿಂದಿನ ಓಣಿಯ ಒಂದು ಕೂಸು ಹೋಯಿತು. ಮೂರು ದಿನ ಬಿಟ್ಟು ಕಿರಾಣಿ ಯಜಮಾನನ ಏಳು ತಿಂಗಳ ಮೊಮ್ಮಗ ಹೋದ. ಎರಡಕ್ಕೂ ಆಯಿ ಘುಟ್ಟಿ ಹಾಕಿದ್ದಳು. ಪ್ರತಿ ಮಳೆಗಾಲದಲ್ಲೂ ಕೂಸುಗಳು ಹೋಗುತ್ತಿದ್ದವು, ಅವಕ್ಕೂ ಆಕೆಯೇ ಹಾಕಿರುತ್ತಿದ್ದಳು. ಆದರೆ ಯಾರು ಮಾಡಿದರು ಎಂದು ಆವರೆಗೆ ಯಾರೂ ಹುಡುಕಿರಲಿಲ್ಲ. ಆ ವರ್ಷ ಹುಡುಕುವ ಮೊದಲೇ ಒಬ್ಬಳು ಸಿದ್ಧಳಾಗಿದ್ದಳು.

ಮಣ್ಣು ಮಾಡಿ ಬಂದ ಮೂರನೇ ದಿನ ಯಜಮಾನ ನಮ್ಮ ಕಟ್ಟೆಗೆ ಬಂದು ಕೂತ. ಕಣ್ಣಲ್ಲಿ ನೀರಿರಲಿಲ್ಲ.

"ಕೆಂಪು ಗಂಟು," ಎಂದ. "ಏಳು ತುಂಡು. ಕೇಳಿದ್ರ ಮಾತಿಲ್ಲ. ನೀ ಓದಿದ್ದಿಲ್ಲೇನೋ? ಹಾಂಗೇ ಅದ. ಎಲ್ಲಾ ಹಾಂಗೇ ಅದ."

ನಾನು ಗಜಕೋಲು ಕೆಳಗಿಟ್ಟೆ. "ಯಜಮಾನ್ರೇ, ಅದು ಪುಸ್ತಕದಾಗ ಇಲ್ರಿ. ನಾ ಸೇರಿಸಿದ್ದು ಅದು. ಕತಿ ಛಂದ ಆಗ್ಲಿ ಅಂತ ಹೇಳಿದ್ದು."

"ಈಗ ಅಂಜಿ ಹಿಂಗ ಹೇಳಲತ್ತಿ. ಬಾಜೂಕ್ಕೆ ಆಕಿ ಮನಿ ಅದ, ಅದಕ್ಕ."

"ಆಣಿ ಮಾಡಿ ಹೇಳ್ತೇನಿ. ಪುಸ್ತಕ ತಂದು ತೋರಿಸ್ಲೇನ್ರಿ?"

"ನನಗೇನು ಓದ್ಲಿಕ್ಕೆ ಬರ್ತದೇನು? ನೀ ಓದಿದ್ದು ಆವತ್ತು ನಂಬಿದೆ. ಇವತ್ತ ಓದಿದ್ದು ಹ್ಯಾಂಗ ನಂಬ್ಲಿ?"

ನಮ್ಮೂರ ಸಾಲಿಯ ಮೌಲ್ವಿ ಸಾಹೇಬರನ್ನು ಕರೆತಂದೆ. ಅವರು ಕನ್ನಡಕ ಮೂಗಿಗೇರಿಸಿ ಆ ಪುಟವನ್ನು ಎರಡು ಸಲ ಓದಿ, "ಔಷಧ ಕೊಟ್ಟಳು ಅಂತ ಅದ ರೀ. ಇಷ್ಟೇ," ಎಂದರು.

"ಎಂಥಾ ಔಷಧ ಅಂತ ಇಲ್ಲೇನ್ರಿ?" ಎಂದ ಯಜಮಾನ.

"ಇಲ್ಲ ರೀ."

"ನೋಡ್ರಿ ಮತ್ತ! ಆ ಪುಸ್ತಕಕ್ಕೂ ಹೇಳಿಲ್ಲ ಆಕಿ, ಎಂಥಾ ಔಷಧ ಅಂತ!"

ಮೌಲ್ವಿ ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರ ಬಾಯಿಂದ ಬಂದ ನಿಜವೂ ನನ್ನ ಸುಳ್ಳಿಗೇ ಸಾಕ್ಷಿಯಾಗಿ ನಿಂತಿತ್ತು.

ಒಂದು ವಾರದಲ್ಲಿ ಆಯಿಯ ಹೊಸ್ತಿಲಿಗೆ ತಾಯಂದಿರು ಬರುವುದು ನಿಂತಿತು. ಎದುರಿಗೆ ಸಿಕ್ಕರೆ ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು ಹೋಗುತ್ತಿದ್ದರು. ನಮ್ಮ ಅವ್ವನೂ ಆಕೆ ಕೊಟ್ಟ ಮಜ್ಜಿಗೆಯನ್ನು ಒಳಗೆ ತಂದು ಬಚ್ಚಲಿಗೆ ಸುರಿದದ್ದನ್ನು ನಾನು ಕಣ್ಣಾರೆ ನೋಡಿದೆ. "ಅವ್ವಾ, ನಿನಗರೆ ಗೊತ್ತಿಲ್ಲೇನು?" ಎಂದರೆ, "ಗೊತ್ತದಪಾ. ಆದ್ರ ಕೈ ಮುಂದ ಹೋಗವಲ್ದು," ಎಂದಳು.

ಮುಂದೆ ಇಂಥ ಪುಸ್ತಕಗಳನ್ನು ನಾನು ಬಹಳ ಓದಿದೆ. ಓದುವುದನ್ನು ಬಿಡಲಾಗಲಿಲ್ಲ, ಅದೇಕೆ ಹೀಗಾಯಿತು ಎಂದು ಹುಡುಕುತ್ತಲೇ ಓದಿದೆ. ಗಂಡಸು ಕೊಂದ ಕತೆಯಲ್ಲಿ ದಾರಿ, ಕಾಡು, ಕುದುರೆ, ಕತ್ತಿ ಇರುತ್ತವೆ. ಕೇಳಿದವನು ನಾಲ್ಕು ದಿನ ಆ ದಾರಿ ಬಿಟ್ಟು ನಡೆದರೆ ಮುಗಿಯಿತು. ಹೆಂಗಸು ಕೊಂದ ಕತೆಯಲ್ಲಿ ಬಟ್ಟಲು, ಹಾಲು, ತೊಟ್ಟಿಲ ಕೂಸು ಇರುತ್ತವೆ. ಅವು ಎಲ್ಲರ ಮನೆಯಲ್ಲೂ ಇವೆ. ಬರೆದವನು ಯಾವಳೋ ಒಬ್ಬಳನ್ನು ನೋಡಿ ಬರೆದಿರುತ್ತಾನೆ, ಆಕೆ ನಿಜವಾಗಿ ಕೊಂದವಳೂ ಇರಬಹುದು. ಓದಿಸಿಕೊಂಡವರು ಮಾತ್ರ ಮನೆಗೆ ಬಂದು ತಮ್ಮ ಕೂಸಿಗೆ ಹಾಲು ಕುಡಿಸುವವಳ ಕೈ ನೋಡುತ್ತಾರೆ. ಇದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ತಿಳಿದೂ ಆದದ್ದೇನೂ ಇಲ್ಲ.

ಕಿರಾಣಿ ಯಜಮಾನ ಕೆಟ್ಟವನಲ್ಲ. ಪೊಲೀಸ್ ಅಮೀನ ಸಾಹೇಬರಿಗೆ ಅರ್ಜಿ ಕೊಟ್ಟು ಮುದುಕಿಯನ್ನು ಬೀದರಕ್ಕೆ ಸಾಗಹಾಕಿಸುತ್ತೇನೆ ಎಂದು ಕೂಗಾಡಿದವನೇ, ಕಡೆಗೆ ಕಾಕಾನ ಮುಂದೆ, "ಗಂಟಿನಾಗ ಏನೇನು ಅದ ಅಷ್ಟು ಹೇಳಿಬಿಡ್ಲಿ. ಹಕೀಮರಿಗೆ ಕೇಳ್ತೇನಿ. ಛಲೋ ಔಷಧನೇ ಅಂದ್ರ ಆಕಿ ಕಾಲಿಗೆ ಬೀಳ್ತೇನಿ," ಎಂದ.

ನಾನು ಓಡಿದೆ. ಆಯಿ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಯಜಮಾನ ಅಂದದ್ದನ್ನು ಹೇಳಿದೆ, ಕತೆಗೆ ನಾನೇ ಸೇರಿಸಿದ್ದನ್ನೂ ಒಪ್ಪಿಕೊಂಡೆ.

"ನನಗೂ ಗೊತ್ತದ," ಎಂದಳು. "ಗ್ವಾಡಿ ಈ ಕಡೆ ಕೂತು ನಾನೂ ಕೇಳ್ತಿದ್ದೆ. ಏನ್ ಛಂದ ಹೇಳ್ತಿದ್ದೆಪಾ ಕತಿ! ಆ ಹೆಂಗಸಿನ್ನ ನೆನಸಿ ನನಗೂ ಅಂಜಿಕಿ ಬಂದಿತ್ತು."

"ಆಯಿ, ಹೆಸರು ಹೇಳಿಬಿಡು. ಎಲ್ಲಾ ಮುಗೀತದ."

"ಹೇಳಿದ್ರ ಅದು ಬರೇ ಕಟ್ಟಿಗಿ ಆಗ್ತದ ಮಗಾ. ಆಮ್ಯಾಲ ಕೂಸುಗಳಿಗೆ ಏನ್ ಹಾಕ್ಲಿ?"

"ಈಗರೆ ಯಾರು ಹಾಕಿಸ್ಕೋಲಿಕ್ಕೆ ಬರಲತ್ತಾರ?"

ತಪ್ಪು ಮಾತು ಆಡಿಬಿಟ್ಟೆ. ಆಕೆ ಬೀಜ ಬಿಡಿಸುವುದನ್ನು ನಿಲ್ಲಿಸಿದಳು. "ಬರ್ತಾರ. ಅಂಜಿಕಿ ಇಳಿದ ಮ್ಯಾಲ ಬರ್ತಾರ. ನಾ ಕಾಯ್ತೇನಿ," ಎಂದಳು.

ಅವಳು ಕಾಯುತ್ತಿದ್ದಳೇನೋ. ಕಾಯಲು ನಾನು ಬಿಡಲಿಲ್ಲ. ಮರುದಿನ ಕಟ್ಟೆಯ ಮೇಲೆ ನಿಂತು, ಅಮೀನ ಸಾಹೇಬರ ಹತ್ತಿರ ನಾನೇ ಹೋಗುತ್ತೇನೆ, ಸುಳ್ಳು ಹಬ್ಬಿಸಿದವನು ನಾನು ಎಂದು ಬರೆದುಕೊಡುತ್ತೇನೆ ಎಂದೆ. ಕಾಕಾ ನನ್ನ ರಟ್ಟೆ ಹಿಡಿದ. "ಖೂಳಾ! ಸತ್ತವು ಎರಡು ಕೂಸು. ನಿನ್ನನ್ನ ಒಳಗ ಹಾಕಿದ್ರ ಬಿಡಿಸೋರು ಯಾರೋ?" ಎಂದು ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದ. ಗೋಡೆಯ ಆಚೆಗೂ ಕೇಳಿತು.

ಆಯಿ ಹೊರಗೆ ಬಂದಳು. ಸೆರಗಿನಲ್ಲಿ ಗಂಟು. ನಮ್ಮ ಅಂಗಡಿಯ ಹಾಸಿದ ಜಮಖಾನೆಯ ಮೇಲೆ ಅದನ್ನು ಬಿಚ್ಚಿ, ಒಂದೊಂದೇ ತುಂಡು ಎತ್ತಿ ತೋರಿಸಿದಳು. "ಇದು ಬಜಿ ಬೇರು. ಇದು ಸುಂಠಿ. ಅಳಲೆಕಾಯಿ. ಜಾಜಿಕಾಯಿ. ಮಾಚಿಕಾಯಿ. ಇದು ಅರಿಶಿಣದ ಕೊಂಬು. ಇದು ಜ್ಯೇಷ್ಠಮಧು. ಆತೇನ್ರಿ?" ಕಡೆಗೆ ನನ್ನ ಕಡೆ ತಿರುಗಿ, "ಈ ಹುಡುಗನ್ನ ಸುಮ್ಮ ಬಿಡ್ರಿ. ಇವಗೂ ನಾನೇ ಹಾಕೀನಿ ಇದನ್ನ," ಎಂದಳು.

ಅರ್ಧಕ್ಕರ್ಧ ಕಿರಾಣಿ ಯಜಮಾನನ ಅಂಗಡಿಯಲ್ಲೇ ಮಾರುವ ಸಾಮಾನು ಅವು. ಅವನು ಹಕೀಮರನ್ನು ಕೇಳಲು ಹೋಗಲಿಲ್ಲ. ಅಲ್ಲೇ ಅವಳ ಕಾಲು ಹಿಡಿದು, ಮೊಮ್ಮಗ ಸತ್ತ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತ. ಆಯಿ ಅವನ ತಲೆ ನೇವರಿಸಿದಳು. ಪೇಟೆಗೆಲ್ಲ ಹಗುರಾಯಿತು. ನಾನೂ ಹಗುರಾದೆ, ಎರಡು ದಿನ.

ಮೂರನೇ ದಿನ ನನ್ನ ಅಕ್ಕ ಸಾಯಗಾಂವದಿಂದ ಕೂಸು ಎತ್ತಿಕೊಂಡು ಬಂದಳು. ಹೊಟ್ಟೆ ಉಬ್ಬಿ ಕೂಸು ಒಂದೇ ಸಮನೆ ಅಳುತ್ತಿತ್ತು. ಆಯಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಂಗಾಲು ತಿಕ್ಕಿ, ಮುದ್ದಿಸಿ, ತಿರುಗಿ ಅಕ್ಕನ ಕೈಗೆ ಕೊಟ್ಟಳು.

"ಘುಟ್ಟಿ ಹಾಕು ಆಯಿ."

"ಅದು ಈಗ ಇಲ್ಲವಾ ನನ್ನ ಹತ್ತರ. ಹೆಸರು ಹೇಳಿಬಿಟ್ಟೀನಿ."

ಅಕ್ಕ ಅತ್ತಳು, ಬೈದಳು, ಕಾಲಿಗೆ ಬಿದ್ದಳು. ಬಜೆ ಬಜೆಯೇ, ಸುಂಠಿ ಸುಂಠಿಯೇ, ನಿನ್ನೆ ಇದ್ದ ಗುಣ ಇವತ್ತು ಎಲ್ಲಿ ಹೋಯಿತು ಎಂದು ನಾನು ವಾದ ಮಾಡಿದೆ. ಕಡೆಗೆ ಕಿರಾಣಿ ಅಂಗಡಿಯಲ್ಲಿ ಸಿಕ್ಕದ್ದನ್ನು ಸಿಕ್ಕಷ್ಟು ತಂದು ನಾನೇ ತೇಯಲು ಕೂತೆ. ಯಾವುದಕ್ಕೆ ಎಷ್ಟು ಸುತ್ತು ಎಂದು ಕೇಳಿದರೆ, "ಕೂಸಿನ ಮುಖ ನೋಡಿದ್ರ ಕೈ ತಾನೇ ನಿಲ್ತಿತ್ತು. ಲೆಕ್ಕ ನನಗೂ ಗೊತ್ತಿಲ್ಲ," ಎಂದಳು. ನನ್ನ ಕೈ ಎಲ್ಲಿಯೂ ನಿಲ್ಲಲಿಲ್ಲ. ತೇಯ್ದದ್ದನ್ನು ಕೂಸಿಗೆ ಹಚ್ಚಲು ಧೈರ್ಯವಾಗದೆ ಚೆಲ್ಲಿದೆ. ಕೂಸು ಹತ್ತು ದಿನ ನರಳಿ ತಾನಾಗಿಯೇ ಚೇತರಿಸಿಕೊಂಡಿತು.

ಓಣಿಯ ತಾಯಂದಿರು ಮತ್ತೆ ಬರತೊಡಗಿದರು. ಅವಳು ಹೇಳಿದ ಹಾಗೆಯೇ ಅಂಜಿಕೆ ಇಳಿದಿತ್ತು. ಬಂದವರ ಕೂಸುಗಳನ್ನೆಲ್ಲ ಆಕೆ ಎತ್ತಿ ಆಡಿಸಿ ಕಳಿಸುತ್ತಿದ್ದಳು, ಅಷ್ಟೇ. ದೀಪಾವಳಿ ಮುಗಿದ ಮೇಲೆ ಒಂದು ದಿನ ಔರಾದ ಕಡೆಯ ಚಿಂತಾಕಿಯಿಂದ ಒಬ್ಬ ತಾಯಿ, ಎಳೆಗೂಸನ್ನು ಎದೆಗೆ ಕಟ್ಟಿಕೊಂಡು, ಆಯಿಯ ಹೆಸರು ಕೇಳಿ ಅಷ್ಟು ದೂರ ಬಂದಳು. ಊರಲ್ಲಿ ನಡೆದದ್ದು ಅವಳಿಗೆ ಏನೂ ಗೊತ್ತಿರಲಿಲ್ಲ. ಹೊಸ್ತಿಲಲ್ಲಿ ಆಯಿ ಏನೋ ಹೇಳಿ, ನಮ್ಮ ಅಂಗಡಿಯ ಕಡೆ ಕೈ ಮಾಡಿ ತೋರಿಸಿದಳು. ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ತನಗೆ ತಿಳಿದ ಒಂದು ದಾರಿ ತೋರಿಸುತ್ತಿದ್ದಳು.

ಆ ತಾಯಿ ಕಟ್ಟೆಯ ಕೆಳಗೆ ಬಂದು ನಿಂತಳು. "ನಿಮಗ ಎಲ್ಲಾ ಹೆಸರು ಬರ್ತಾವಂತಲ್ರಿ ಅಣ್ಣಾ. ಒಂದಿಷ್ಟು ಹಾಕ್ರಿ," ಎಂದಳು.

ಕೂಸಿನ ತುಟಿ ಒಣಗಿತ್ತು. ಹಾಕಲು ನನಗೆ ಬರುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೆಸರು ಬರುತ್ತದೆ ಎಂದಮೇಲೆ ಯಾಕೆ ಬರುವುದಿಲ್ಲ ಎಂದು ಮತ್ತೆ ಕೇಳಿದಳು. ಕಾಕಾ ಅವಳಿಗೆ ಒಂದು ತಂಬಿಗೆ ನೀರು ಕೊಟ್ಟ. ಕುಡಿದು, ಕೂಸಿನ ಬಾಯಿಗೂ ಎರಡು ಹನಿ ಬಿಟ್ಟು, ಇನ್ನೂ ಸ್ವಲ್ಪ ಹೊತ್ತು ನಾನು ಮನಸ್ಸು ಬದಲಿಸಿಯೇನೋ ಎಂದು ಕಾದಳು. ಆಮೇಲೆ ಬಂದ ದಾರಿಯನ್ನೇ ಹಿಡಿದು ಬಿಸಿಲಲ್ಲಿ ಹೋದಳು. ಆ ಕೂಸು ಏನಾಯಿತೋ ನನಗೆ ಗೊತ್ತಾಗಲಿಲ್ಲ.